ಚಾಸಿ: ಭಾರ ಹೊರುವ ಚೌಕಟ್ಟಿನ ಚರಿತ್ರೆ

ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಹಾವೇರಿ ತಾಲ್ಲೂಕಿನ ಗಳಗನಾಥ ಗ್ರಾಮವಿದೆ. ಅಲ್ಲಿರುವ ಗಳಗೇಶ್ವರ ದೇವಾಲಯ 11ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಸುತ್ತಲಿನ ಬುಡವನ್ನು ನೀವು ಗಮನಿಸಬೇಕು. ಕೆಳಗೆ ಅಗಲವಾಗಿದ್ದು ಮೇಲೆ ಹೋದಂತೆ ಕಿರಿದಾಗುವ, ಪಿರಮಿಡ್ಡಿನ ತಳದಂತಹ ಕಲ್ಲುಕಟ್ಟಡ ಅದು. ಶಿಖರದ ಭಾರವನ್ನೆಲ್ಲ ಇಂತಹ ಬುಡ ಅಗಲವಾದ ನೆಲಕ್ಕೆ ಹಂಚುತ್ತದೆ. ಕಟ್ಟಡ ಅಲುಗಾಡುವುದಿಲ್ಲ, ಆದ್ದರಿಂದ ಅಡಿಪಾಯದ ಕೆಲಸ ಅಲ್ಲಿಗೆ ಮುಗಿಯಿತು.

ಅದೇ ಊರಿನ ರಸ್ತೆಯಲ್ಲಿ ಓಡಾಡುವ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಿಗೂ ಭಾರವಿದೆ. ಆದರೆ ಅವುಗಳ ಅಡಿಪಾಯವನ್ನು ನೆಲದಲ್ಲಿ ಹೂಳುವಂತಿಲ್ಲ. ವಾಹನ ತನ್ನ ಅಡಿಪಾಯವನ್ನು ತಾನೇ ಹೊತ್ತುಕೊಂಡು ಹೋಗಬೇಕು. ಹೀಗೆ ಚಲಿಸುವ ಅಡಿಪಾಯಕ್ಕೆ 'ಚಾಸಿ' ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಚಾಸಿ, ಚಾಸಿಸ್, ಚೇಸಿಸ್ ಎಂಬ ಮೂರೂ ಉಚ್ಚಾರಣೆಗಳು ಕೇಳಿಬರುತ್ತವೆ.

ಆದರೆ ಚಾಸಿ ಎಂದರೆ ಯಾವ ಭಾಗ? ಲಾರಿ ಚಾಲಕರನ್ನು ಕೇಳಿದರೆ ಅಡಿಯಲ್ಲಿರುವ ಎರಡು ಉದ್ದನೆಯ ಉಕ್ಕಿನ ತೊಲೆಗಳನ್ನು ತೋರಿಸುತ್ತಾರೆ. ಸಣ್ಣ ಕಾರು ರಿಪೇರಿ ಮಾಡುವವರು 'ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ' ಎನ್ನುತ್ತಾರೆ. ಹಳೆಯ ರೇಡಿಯೋ ಬಲ್ಲವರು ತಗಡಿನ ತಟ್ಟೆಯೊಂದನ್ನು ತೋರಿಸುತ್ತಾರೆ. ಎಲ್ಲರ ಉತ್ತರವೂ ಸರಿಯೇ. ಏಕೆಂದರೆ ಚಾಸಿ ಎಂಬುದು ಒಂದು ಬಿಡಿಭಾಗದ ಹೆಸರು ಎನ್ನುವುದಕ್ಕಿಂತ ಒಂದು ಕೆಲಸದ ಹೆಸರು. ಯಂತ್ರದ ಭಾಗಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದಿಡುವುದು, ಭಾರವನ್ನು ಆಧಾರಗಳಿಗೆ ಒಯ್ಯುವುದು, ಬಾಗುವ ಮತ್ತು ತಿರುಚುವ ಬಲಗಳನ್ನು ತಡೆಯುವುದು, ಇವೇ ಆ ಕೆಲಸ. ಈ ಕೆಲಸವನ್ನು ಬೇರೆ ಬೇರೆ ಕಾಲದಲ್ಲಿ ಯಾವ ಯಾವ ಭಾಗಗಳು ಮಾಡಿದವು ಎಂಬುದೇ ಚಾಸಿಯ ಚರಿತ್ರೆ.

ಪದದ ಪ್ರಯಾಣ

'ಚಾಸಿ' ಫ್ರೆಂಚ್ ಭಾಷೆಯಿಂದ ಬಂದ ಪದ. ಅಲ್ಲಿ ಅದರ ಉಚ್ಚಾರಣೆ 'ಶಾಸಿ'. ಅದರ ಮೂಲ ಪೆಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ 'ಕಾಪ್ಸಾ'. ಫ್ರೆಂಚರು ಕಿಟಕಿಯ ಚೌಕಟ್ಟು, ಚಿತ್ರಕಾರನ ಬಟ್ಟೆಯನ್ನು ಬಿಗಿಯುವ ಚೌಕಟ್ಟು ಎಲ್ಲಕ್ಕೂ ಈ ಪದವನ್ನು ಬಳಸಿದರು. ಕೋಟೆಯ ಫಿರಂಗಿ ಹಾರಿದಾಗ ಅದರ ಬಂಡಿ ಹಿಂದಕ್ಕೆ ಜಾರುತ್ತದೆ. ಹಾಗೆ ಜಾರಲು ಕೆಳಗಿಟ್ಟ ಚೌಕಟ್ಟಿಗೂ ಇದೇ ಹೆಸರು. 19ನೆಯ ಶತಮಾನದಲ್ಲಿ ಇಂಗ್ಲಿಷರು ಪದವನ್ನು ಈ ಫಿರಂಗಿಯ ಅರ್ಥದಲ್ಲೇ ಎರವಲು ಪಡೆದರು. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಫ್ರಾನ್ಸ್ ಮುಂಚೂಣಿಯಲ್ಲಿದ್ದುದರಿಂದ ಗರಾಜ್, ಶೋಫರ್ ಪದಗಳ ಜೊತೆಗೆ ಚಾಸಿಯೂ ಪ್ರಪಂಚಕ್ಕೆಲ್ಲ ಹರಡಿತು.

ಚಕ್ಕಡಿ ಮತ್ತು ತೇರು

ಪದ ಹೊರಗಿನದಾದರೂ ವಸ್ತು ನಮಗೆ ಹೊಸತಲ್ಲ. ಚಕ್ಕಡಿಯನ್ನು ನೋಡಿ. ಹಿಂದಿನಿಂದ ಮುಂದಕ್ಕೆ ಹೋಗುವ ಎರಡು ಉದ್ದನೆಯ ಮರಗಳು, ಅವುಗಳನ್ನು ಬಂಧಿಸುವ ಅಡ್ಡಮರಗಳು, ಕೆಳಗೆ ಅಚ್ಚು, ಮುಂದೆ ಮೂಕಿ ಮತ್ತು ನೊಗ. ನೆಲಕ್ಕೆ ಮಲಗಿಸಿದ ಏಣಿಯನ್ನು ಇದು ಹೋಲುತ್ತದೆ. ಲಾರಿಯ ಚಾಸಿಗೆ 'ಏಣಿ ಚೌಕಟ್ಟು' ಎಂದು ಹೆಸರು ಬಂದಿರುವುದೂ ಇದೇ ರೂಪದಿಂದ.

ಜಾತ್ರೆಯ ತೇರು ಇನ್ನೂ ಒಳ್ಳೆಯ ಉದಾಹರಣೆ. ತೇರಿನ ಕೆಳಭಾಗದ ಭಾರೀ ಮರದ ಗಡ್ಡೆ, ಅಚ್ಚು, ಗಾಲಿಗಳು ವರ್ಷವಿಡೀ ಉಳಿಯುತ್ತವೆ. ಜಾತ್ರೆ ಬಂದಾಗ ಅದರ ಮೇಲೆ ಮರ, ಬಿದಿರು, ಬಟ್ಟೆಗಳ ಎತ್ತರದ ರಚನೆಯನ್ನು ಕಟ್ಟುತ್ತಾರೆ. ಜಾತ್ರೆ ಮುಗಿದ ಮೇಲೆ ಬಿಚ್ಚುತ್ತಾರೆ. ಭಾರ ಹೊರುವ ಅಡಿಭಾಗ ಬೇರೆ, ಮೇಲಿನ ಒಡಲು ಬೇರೆ. ಮೋಟಾರು ವಾಹನಗಳ ಮೊದಲ ಐವತ್ತು ವರ್ಷಗಳನ್ನು ಆಳಿದ್ದು ಇದೇ ತತ್ತ್ವ.

ಮರದಿಂದ ಉಕ್ಕಿಗೆ

1891ರಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಕಂಪನಿಯವರು ಎಂಜಿನನ್ನು ಮುಂದಕ್ಕೆ, ಅದರ ಹಿಂದೆ ಗೇರುಗಳನ್ನು, ಚಾಲನೆಯನ್ನು ಹಿಂಗಾಲಿಗಳಿಗೆ ಇಟ್ಟರು. ಈ ಜೋಡಣೆ ಮುಂದೆ ಬಹುಕಾಲ ಮಾದರಿಯಾಯಿತು. ಆ ಕಾಲದ ಚೌಕಟ್ಟುಗಳು ಮರದವು. ಬಲಕ್ಕಾಗಿ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದರು. 1901ರ ಹೊತ್ತಿಗೆ ರಸ್ತೆಗಿಳಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ಮರ ಹೋಗಿ ಒತ್ತಿ ರೂಪಿಸಿದ ಉಕ್ಕಿನ ಚೌಕಟ್ಟು ಬಂದಿತು.

ಆಗ ಕಾರು ಕೊಳ್ಳುವುದೆಂದರೆ ಎರಡು ವ್ಯವಹಾರ. ಒಬ್ಬರಿಂದ ಚಾಸಿ ಕೊಳ್ಳಬೇಕು, ಇನ್ನೊಬ್ಬರಿಂದ ಒಡಲು ಕಟ್ಟಿಸಬೇಕು. ಎರಡನೆಯ ಮಹಾಯುದ್ಧದವರೆಗೂ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದುದು ಎಂಜಿನ್ ಸಹಿತ ಚಾಸಿಯನ್ನು ಮಾತ್ರ. ಫೋರ್ಡ್ ಕಂಪನಿ ತನ್ನ 'ಮಾಡೆಲ್ ಟಿ' ಕಾರಿಗಾಗಿ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದಾಗ, ಆ ಸಾಲಿನಲ್ಲಿ ಚಲಿಸಿದ್ದು ಚಾಸಿಯೇ. ಒಂದು ಚಾಸಿಯ ಜೋಡಣೆಗೆ ಹಿಡಿಯುತ್ತಿದ್ದ ಸುಮಾರು 12 ಗಂಟೆ ಮರುವರ್ಷ 93 ನಿಮಿಷಕ್ಕೆ ಇಳಿಯಿತು. ಎಲ್ಲ ಭಾಗಗಳೂ ಬಂದು ಸೇರುವ ಒಂದು ಬೆನ್ನೆಲುಬು ಇದ್ದುದರಿಂದಲೇ ಇದು ಸಾಧ್ಯವಾಯಿತು.

ಹೆದ್ದಾರಿಯಲ್ಲಿ ಬಂದ ಬರಿ ಚಾಸಿ

ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ, ರಾಣೆಬೆನ್ನೂರುಗಳನ್ನು ದಾಟಿ ಹೋಗುತ್ತದೆ. ಹಿಂದೆ ಅದು ರಾಷ್ಟ್ರೀಯ ಹೆದ್ದಾರಿ 4, ಈಗ 48. ಈ ದಾರಿಯ ಊರುಗಳ ಹಿರಿಯರನ್ನು ಕೇಳಿ ನೋಡಿ. ಒಡಲೇ ಇಲ್ಲದ ಲಾರಿ, ಬಸ್ಸುಗಳ ಚಾಸಿಗಳು ಸಾಲಾಗಿ ಹೋಗುತ್ತಿದ್ದ ನೋಟ ಅವರಿಗೆ ನೆನಪಿರುತ್ತದೆ. ಎಂಜಿನ್, ಸ್ಟಿಯರಿಂಗ್, ಚಕ್ರ, ಎರಡು ಉಕ್ಕಿನ ತೊಲೆ. ಹಲಗೆಯಂತಹ ತಾತ್ಕಾಲಿಕ ಆಸನದ ಮೇಲೆ ದೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಚಾಲಕ. ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್–ಬೆಂಜ್ ಸಹಯೋಗದಲ್ಲಿ 1954ರಲ್ಲಿ ಲಾರಿಗಳ ತಯಾರಿಕೆ ಆರಂಭಿಸಿತು. 1955ರಲ್ಲಿ ಮದರಾಸಿನ ಅಶೋಕ್ ಮೋಟರ್ಸ್ 'ಅಶೋಕ್ ಲೇಲ್ಯಾಂಡ್' ಆಯಿತು. ಕಾರ್ಖಾನೆಗಳಿಂದ ಹೊರಟ ಚಾಸಿಗಳ ಮೇಲೆ ಸಾರಿಗೆ ಸಂಸ್ಥೆಗಳ ಕಾರ್ಯಾಗಾರಗಳು ಮತ್ತು ಖಾಸಗಿ ಬಾಡಿ ಕಟ್ಟುವವರು ಒಡಲು ಕಟ್ಟುತ್ತಿದ್ದರು. ಬಡಗಿ, ಕಮ್ಮಾರ, ತಗಡಿನ ಕೆಲಸದವರು, ಬಣ್ಣ ಬಳಿಯುವವರು ಎಲ್ಲರಿಗೂ ಅಲ್ಲಿ ಕೆಲಸವಿತ್ತು.

ಈ ಪದ್ಧತಿಯಲ್ಲಿ ಒಂದು ಅನುಕೂಲವಿತ್ತು: ಒಂದೇ ಚಾಸಿಯ ಮೇಲೆ ಬಸ್ಸು, ಲಾರಿ, ನೀರಿನ ಟ್ಯಾಂಕರ್ ಯಾವುದನ್ನಾದರೂ ಕಟ್ಟಬಹುದು. ಒಂದು ಅನನುಕೂಲವೂ ಇತ್ತು. ಲಾರಿಗೆಂದು ಮಾಡಿದ ಚಾಸಿ ಎತ್ತರ. ಹಾಗಾಗಿ ಬಸ್ಸಿನ ನೆಲವೂ ಎತ್ತರ. ಮುದುಕರು, ಮಕ್ಕಳು ಹತ್ತಬೇಕಾದ ಎತ್ತರದ ಮೆಟ್ಟಿಲುಗಳಿಗೆ ಮೂಲ ಕಾರಣ ಅಡಿಯಲ್ಲಿರುವ ಈ ತೊಲೆಗಳು. ಜೊತೆಗೆ, ಒಡಲು ಭಾರ ಹೊರುವ ಲೆಕ್ಕಕ್ಕೆ ಸೇರದಿದ್ದುದರಿಂದ ಅದರ ಗಟ್ಟಿತನ ಕಟ್ಟುವವರ ಕೌಶಲವನ್ನೇ ಅವಲಂಬಿಸಿತ್ತು. ಬಸ್ಸು ಮಗುಚಿದಾಗ ಪ್ರಯಾಣಿಕರನ್ನು ಕಾಯಬೇಕಾದದ್ದು ಚಾಸಿಯಲ್ಲ, ಒಡಲು. 2006ರಲ್ಲಿ ಟಾಟಾ ಮೋಟರ್ಸ್ ಕಂಪನಿ ಬ್ರೆಜಿಲ್ಲಿನ ಮಾರ್ಕೊಪೋಲೊ ಜೊತೆ ಒಪ್ಪಂದ ಮಾಡಿಕೊಂಡು, ಬಳಿಕ ಧಾರವಾಡದಲ್ಲಿ ಪೂರ್ಣ ಬಸ್ಸುಗಳ ಕಾರ್ಖಾನೆ ತೆರೆಯಿತು. ಮಾರ್ಕೊಪೋಲೊ ಆಮೇಲೆ ಈ ಪಾಲುದಾರಿಕೆಯಿಂದ ಹೊರಬಂದಿತು. ಆದರೆ ಒಡಲನ್ನೂ ಕಾರ್ಖಾನೆಯಲ್ಲೇ ಕಟ್ಟುವ ಕ್ರಮ ಗಟ್ಟಿಯಾಗಿ ನಿಂತಿತು.

ಪೆಟ್ಟಿಗೆಯೇ ಚೌಕಟ್ಟಾದಾಗ

ಹೇಗೂ ಒಡಲು ಬೇಕೇ ಬೇಕು. ಅದೇ ಏಕೆ ಭಾರ ಹೊರಬಾರದು? ಇಟಲಿಯ ಲಾನ್ಸಿಯಾ ಕಂಪನಿ 1922ರ 'ಲ್ಯಾಂಬ್ಡಾ' ಕಾರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಇಂತಹ ಕಾರನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಇದರಲ್ಲಿ ನೆಲ, ಪಕ್ಕ, ಛಾವಣಿಗಳ ತಗಡುಗಳು ಬೆಸೆದು ಒಂದೇ ಪೆಟ್ಟಿಗೆಯಾಗುತ್ತವೆ. ಮೊಟ್ಟೆಯ ಚಿಪ್ಪಿನಂತೆ ಹೊರಮೈಯೇ ಭಾರ ಹೊರುತ್ತದೆ. ಇದಕ್ಕೆ 'ಮೊನೊಕಾಕ್' ಎಂದು ಹೆಸರು. ವಿಮಾನದ ಒಡಲಿನಲ್ಲೂ ಇದೇ ತತ್ತ್ವವಿದೆ.

ಇದರ ಗುಟ್ಟನ್ನು ತರಗತಿಯಲ್ಲಿ ಎರಡು ನಿಮಿಷದಲ್ಲಿ ತೋರಿಸಬಹುದು. ಬೂಟಿನ ರಟ್ಟಿನ ಪೆಟ್ಟಿಗೆಯೊಂದನ್ನು ಮುಚ್ಚಳ ತೆಗೆದು, ಎರಡು ತುದಿ ಹಿಡಿದು ತಿರುಚಿ. ಸುಲಭವಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳವನ್ನು ಸುತ್ತಲೂ ಅಂಟಿಸಿ ತಿರುಚಿ, ಬಗ್ಗುವುದಿಲ್ಲ. ಹೆಚ್ಚಿದ ರಟ್ಟು ಸ್ವಲ್ಪ, ಹೆಚ್ಚಿದ ಬಿಗಿತ ಬಹಳ. ತೆಳುವಾದ ಕೊಳವೆಯ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಕೊಳವೆಯ ತ್ರಿಜ್ಯ ಅದರ ಗೋಡೆಯ ದಪ್ಪದ 20 ಪಟ್ಟು ಇದೆ ಎನ್ನಿ. ಅದನ್ನು ಉದ್ದಕ್ಕೆ ಸೀಳಿದರೆ ತಿರುಚುವಿಕೆಗೆ ಅದು ಒಡ್ಡುವ ಬಿಗಿತ 1200ನೆಯ ಒಂದು ಭಾಗಕ್ಕೆ ಇಳಿಯುತ್ತದೆ. (ಸೂತ್ರ: ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ, ವರ್ಗ ಮಾಡಿ, 3ರಿಂದ ಗುಣಿಸಿ.) ವಸ್ತು ಒಂದು ಗ್ರಾಮೂ ಕಡಿಮೆಯಾಗಿಲ್ಲ; ಹೋದದ್ದು ಮುಚ್ಚಿದ ಆಕಾರ ಮಾತ್ರ.

ಹಾಗಾದರೆ ಲಾರಿಯ ತೊಲೆಗಳನ್ನು ಒಂದು ಪಕ್ಕ ತೆರೆದ, ಇಂಗ್ಲಿಷಿನ 'ಸಿ' ಆಕಾರದಲ್ಲೇ ಏಕೆ ಮಾಡುತ್ತಾರೆ? ಕಾರಣವಿದೆ. ತಗ್ಗು ದಿಣ್ಣೆಯ ರಸ್ತೆಯಲ್ಲಿ ಒಂದು ಚಕ್ರ ಗುಂಡಿಗಿಳಿದಾಗ ಚೌಕಟ್ಟು ಸ್ವಲ್ಪ ತಿರುಚಿಕೊಂಡು ಕೊಡುವುದು ಒಳ್ಳೆಯದು. ಇಲ್ಲವಾದರೆ ಉಳಿದ ಚಕ್ರಗಳ ಹಿಡಿತ ತಪ್ಪಬಹುದು. ತೊಲೆಗಳನ್ನು ಅಡ್ಡಪಟ್ಟಿಗಳಿಗೆ ರಿವೆಟ್ಟು, ಬೋಲ್ಟುಗಳಿಂದ ಜೋಡಿಸುವುದೂ ಈ ಸಣ್ಣ ಅಲುಗಾಟಕ್ಕೆ ಎಡೆಯಿರಲೆಂದೇ. ಬಿಗಿತವೇ ಯಾವಾಗಲೂ ಗುಣವಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯಬಹುದು.

ನಮ್ಮ ರಸ್ತೆಗಳಲ್ಲಿ ಎರಡು ಬಗೆಯೂ ಓಡಿವೆ. 1947ರಿಂದ ಮಹೀಂದ್ರಾ ಕಂಪನಿ ಜೋಡಿಸಿದ ಜೀಪು ಏಣಿ ಚೌಕಟ್ಟಿನದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನಲ್ಲಿ, 1983ರಲ್ಲಿ ಬಂದ ಮಾರುತಿ 800ರಲ್ಲಿ ಒಡಲೇ ಚೌಕಟ್ಟು. ಮನೆಮನೆಯಲ್ಲಿದ್ದ ಬಜಾಜ್ ಚೇತಕ್ ಸ್ಕೂಟರು ಕೂಡ ಹೀಗೆಯೇ. 1946ರ ವೆಸ್ಪಾದಿಂದ ಬಂದ ವಂಶ ಅದು. ರೈಲಿನಲ್ಲೂ ಇದೇ ಬದಲಾವಣೆ ಆಯಿತು. ಹಳೆಯ ಮರದ ಡಬ್ಬಿಗಳು ಉಕ್ಕಿನ ಅಡಿಚೌಕಟ್ಟಿನ ಮೇಲೆ ಕೂತಿದ್ದವು. 1955ರಲ್ಲಿ ಮದರಾಸಿನ ಪೆರಂಬೂರಿನಲ್ಲಿ ಆರಂಭವಾದ ಕಾರ್ಖಾನೆಗೆ 'ಇಂಟೆಗ್ರಲ್' ಎಂಬ ಹೆಸರು ಬಂದದ್ದು ಅಡಿ ಮತ್ತು ಒಡಲು ಒಂದಾದ ಡಬ್ಬಿಗಳಿಂದ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದ ರೈಲು ಡಬ್ಬಿಗಳ ತಯಾರಿಕೆ, 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ಗೆ ಸೇರಿತು.

ಟ್ರ್ಯಾಕ್ಟರಿನ ಚಾಸಿ ಎಲ್ಲಿದೆ?

ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರಿನ ಕೆಳಗೆ ಬಗ್ಗಿ ನೋಡಿ. ಲಾರಿಯಲ್ಲಿರುವಂತಹ ಉದ್ದನೆಯ ತೊಲೆಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಎಂಜಿನ್ನಿನ ಕವಚ, ಅದರ ಹಿಂದೆ ಗೇರ್ ಬಾಕ್ಸಿನ ಕವಚ, ಅದರ ಹಿಂದೆ ಹಿಂಬದಿ ಅಚ್ಚಿನ ಕವಚ ಒಂದಕ್ಕೊಂದು ಬೋಲ್ಟುಗಳಿಂದ ಸೇರಿವೆ, ಅಷ್ಟೇ. ಈ ಎರಕದ ಕವಚಗಳೇ ಟ್ರ್ಯಾಕ್ಟರಿನ ಬೆನ್ನೆಲುಬು. ಅಮೆರಿಕದಲ್ಲಿ 1913ರ 'ವಾಲಿಸ್ ಕಬ್' ಈ ಹಾದಿ ಹಿಡಿಯಿತು. 1917ರಲ್ಲಿ ಬಂದ 'ಫೋರ್ಡ್‌ಸನ್' ಇದನ್ನು ಅಗ್ಗವಾಗಿಸಿ ಎಲ್ಲೆಡೆ ಹರಡಿತು. ಎಣ್ಣೆ ಹಿಡಿದಿಟ್ಟು ಗೇರುಗಳನ್ನು ದೂಳಿನಿಂದ ಕಾಯಲು ದಪ್ಪ ಕವಚ ಹೇಗೂ ಬೇಕಿತ್ತು. ಅದಕ್ಕೇ ಚಾಸಿಯ ಕೆಲಸವನ್ನೂ ಒಪ್ಪಿಸಿದರು. ಉಳುಮೆಗೆ ಹಿಡಿತ ಬೇಕು, ಹಿಡಿತಕ್ಕೆ ತೂಕ ಬೇಕು. ಕಾರಿನಲ್ಲಿ ದೋಷವಾಗುವ ಎರಕದ ತೂಕ ಟ್ರ್ಯಾಕ್ಟರಿನಲ್ಲಿ ಗುಣವಾಯಿತು.

ಆದರೆ ಅದೇ ಟ್ರ್ಯಾಕ್ಟರ್ ಎಳೆಯುವ ಟ್ರೇಲರಿನ ಚಾಸಿ ಅಪ್ಪಟ ಏಣಿ. ಇಲ್ಲಿ ನಮ್ಮ ಭಾಗದ್ದೇ ಒಂದು ಲೆಕ್ಕ ಮಾಡೋಣ.

ಮೆಣಸಿನಕಾಯಿಯೂ ಮರಳೂ

ಬ್ಯಾಡಗಿ ಮಾರುಕಟ್ಟೆಗೆ ಬರುವ ಒಣ ಮೆಣಸಿನಕಾಯಿ ಬಲು ಹಗುರ. ಟ್ರೇಲರಿನ ಮೇಲೆ ಚೀಲಗಳು ಗೋಪುರದಂತೆ ಎದ್ದಿದ್ದರೂ ಚಾಸಿಗೆ ಅಷ್ಟೇನೂ ಶ್ರಮವಿಲ್ಲ. ಎತ್ತರದಿಂದಾಗಿ ಮಗುಚುವ ಭಯವೇ ಹೆಚ್ಚು. ಅದೇ ಟ್ರೇಲರಿಗೆ ಹೊಳೆಯ ಮರಳು ತುಂಬಿದರೆ? ಪೆಟ್ಟಿಗೆಯ ಉದ್ದ 3 ಮೀಟರ್, ಅಗಲ 1.8 ಮೀಟರ್, ಎತ್ತರ 0.6 ಮೀಟರ್ ಇದೆ ಎಂದುಕೊಳ್ಳಿ. ಗಾತ್ರ 3.24 ಘನ ಮೀಟರ್. ಒಣ ಮರಳಿನ ಒಂದು ಘನ ಮೀಟರಿಗೆ ಸುಮಾರು 1600 ಕಿಲೋಗ್ರಾಂ ಹಿಡಿದರೆ ಒಟ್ಟು ಸುಮಾರು 5.2 ಟನ್. ಆಗತಾನೆ ಎತ್ತಿದ ಹಸಿ ಮರಳು ಇನ್ನೂ ಭಾರ. ಕಣ್ಣಿಗೆ ಪೆಟ್ಟಿಗೆ ತುಂಬಿದೆ ಅಷ್ಟೇ. ಚಾಸಿಗೆ ಗೊತ್ತಾಗುವುದು ಗಾತ್ರವಲ್ಲ, ತೂಕ.

ತೂಕ ಹೆಚ್ಚಿದಾಗ ತೊಲೆ ಬಾಗುತ್ತದೆ. ಬಾಗಿದ ತೊಲೆಯ ಮೇಲಂಚು ಕುಗ್ಗುತ್ತದೆ, ಕೆಳಂಚು ಹಿಗ್ಗುತ್ತದೆ, ನಡುವೆ ಹೆಚ್ಚು ಬದಲಾವಣೆಯಿಲ್ಲ. ಒಂದು ಅಡಿಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಮಲಗಿಸಿ ಒತ್ತಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಅಗಲ 30 ಮಿಲಿಮೀಟರ್, ದಪ್ಪ 3 ಮಿಲಿಮೀಟರ್ ಇದ್ದರೆ ನಿಂತ ಪಟ್ಟಿ ಮಲಗಿದ್ದಕ್ಕಿಂತ 100 ಪಟ್ಟು ಬಿಗಿ. ಚಾಸಿಯ ತೊಲೆಯನ್ನು ಅಗಲಕ್ಕಿಂತ ಎತ್ತರವಾಗಿ ಮಾಡುವುದು ಇದಕ್ಕೇ.

ಈ ಸಣ್ಣ ಪ್ರಯೋಗದಿಂದ ಗ್ಯಾರೇಜಿನ ಎರಡು ಅಪಾಯಕಾರಿ ರೂಢಿಗಳನ್ನು ಅರ್ಥಮಾಡಿಕೊಳ್ಳಬಹುದು. ಮೊದಲನೆಯದು, ತೊಲೆಯ ಮೇಲಂಚು ಅಥವಾ ಕೆಳಂಚಿನಲ್ಲಿ ರಂಧ್ರ ಕೊರೆಯುವುದು. ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ದುಂಡನೆಯ ರಂಧ್ರದ ಅಂಚಿನ ಒತ್ತಡ ಉಳಿದ ಕಡೆಗಿಂತ ಮೂರು ಪಟ್ಟು ಇರುತ್ತದೆಂದು ಜರ್ಮನಿಯ ಕಿರ್ಷ್ 1898ರಲ್ಲೇ ತೋರಿಸಿದ್ದಾರೆ. ಒತ್ತಡ ಮೊದಲೇ ಹೆಚ್ಚಿರುವ ಅಂಚಿನಲ್ಲಿ ಅದನ್ನು ಮೂರು ಪಟ್ಟು ಮಾಡುವುದು ಬಿರುಕಿಗೆ ಆಹ್ವಾನ. ಎರಡನೆಯದು, ಚಾಸಿಯನ್ನು ಕತ್ತರಿಸಿ, ತುಂಡು ಬೆಸೆದು ಉದ್ದ ಮಾಡುವುದು. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ಉದ್ದ ಒಂದೂವರೆ ಪಟ್ಟಾದರೆ, ಹೊತ್ತ ಭಾರ ಅಷ್ಟೇ ಇದ್ದರೂ ಬಾಗುವಿಕೆ ಸುಮಾರು 3.4 ಪಟ್ಟಾಗುತ್ತದೆ. ಜೊತೆಗೆ ವೆಲ್ಡಿಂಗಿನ ಶಾಖದಿಂದ ಬೆಸುಗೆಯ ಅಕ್ಕಪಕ್ಕದ ಉಕ್ಕಿನ ಗುಣ ಬದಲಾಗುತ್ತದೆ. ಅಲ್ಲಿ ಹುಟ್ಟಿದ ಕೂದಲೆಳೆಯ ಬಿರುಕು ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ ಬೆಳೆಯುತ್ತ, ಒಂದು ದಿನ ತೊಲೆಯನ್ನು ಮುರಿಯುತ್ತದೆ. ಆ ದಿನ ವಾಹನದಲ್ಲಿ ಯಾರಿರುತ್ತಾರೆ ಎಂಬುದನ್ನು ಬಿರುಕು ಕೇಳುವುದಿಲ್ಲ.

ಚಕ್ರವಿಲ್ಲದ ಚಾಸಿಗಳು

ಚಾಸಿಯ ಕೆಲಸಕ್ಕೆ ಚಕ್ರ ಇರಲೇಬೇಕೆಂದಿಲ್ಲ. ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿದರೆ ಹರಿಹರ. 1941ರಲ್ಲಿ ಅಲ್ಲಿ ಸ್ಥಾಪನೆಯಾದ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಹೆಸರುವಾಸಿಯಾಗಿದ್ದವು. ಲೇತಿನ ಎರಕದ ಹಾಸು ಅದರ ಚಾಸಿಯೇ. ತಿರುಗುವ ಕಬ್ಬಿಣಕ್ಕೂ ಉಳಿಗೂ ನಡುವಿನ ದೂರ ಕೂದಲಿನಷ್ಟೂ ಬದಲಾಗದಂತೆ ಅದು ನೋಡಿಕೊಳ್ಳಬೇಕು. ಎರಕದ ಕಬ್ಬಿಣ ಕಂಪನವನ್ನು ಬೇಗ ಅಡಗಿಸುತ್ತದೆ; ಆದ್ದರಿಂದ ಇಲ್ಲಿ ಅದಕ್ಕೇ ಮನ್ನಣೆ.

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಅದನ್ನು ಕೇಳಿಸಿದ ವಾಲ್ವ್ ರೇಡಿಯೋಗಳಲ್ಲೂ ಚಾಸಿ ಇತ್ತು. ಮಡಚಿದ ತಗಡಿನ ತಟ್ಟೆ, ಮೇಲೆ ವಾಲ್ವುಗಳು, ಕೆಳಗೆ ತಂತಿಗಳು. ಭಾಗಗಳನ್ನು ಹಿಡಿದಿಡುವುದರ ಜೊತೆಗೆ ಅದು ಮಂಡಲದ ಸಾಮಾನ್ಯ ತಂತಿಯೂ ಆಗಿತ್ತು. ಬಸ್ಸು, ಲಾರಿಗಳಲ್ಲೂ ಹೀಗೆಯೇ: ಬ್ಯಾಟರಿಯ ಋಣ ತುದಿಯನ್ನು ಚಾಸಿಗೆ ಸೇರಿಸಿ, ದೀಪಕ್ಕೆ ಒಂದೇ ತಂತಿ ಎಳೆಯುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು 'ಅರ್ತ್' ಎನ್ನುತ್ತಾರೆ. ಆದರೆ ರಬ್ಬರ್ ಟೈರಿನ ಮೇಲೆ ನಿಂತ ವಾಹನಕ್ಕೂ ಭೂಮಿಗೂ ಇಲ್ಲಿ ಸಂಪರ್ಕವಿಲ್ಲ. ಈ ವ್ಯತ್ಯಾಸ ಪ್ರಾಣದ ವಿಷಯವೂ ಆಗಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಹಳೆಯ ರೇಡಿಯೋಗಳಲ್ಲಿ ಚಾಸಿ ನೇರವಾಗಿ ಮನೆಯ ವಿದ್ಯುತ್ತಿನ ಒಂದು ತಂತಿಗೆ ಸೇರಿರುತ್ತಿತ್ತು. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಚಾಸಿಯಲ್ಲೇ 230 ವೋಲ್ಟ್. ಹಳೆಯ ಉಪಕರಣ ಬಿಚ್ಚುವ ವಿದ್ಯಾರ್ಥಿಗಳು ಮೊದಲು ಪ್ಲಗ್ ಕೀಳಬೇಕು.

ಗುರುತಿನ ಸಂಖ್ಯೆ

ವಾಹನದ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆಯ ಜೊತೆ ಚಾಸಿ ಸಂಖ್ಯೆಯೂ ಇರುತ್ತದೆ. ಈಗಿನ ವಾಹನಗಳಲ್ಲಿ ಅದು 17 ಅಕ್ಷರ–ಅಂಕೆಗಳದು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. 1 ಮತ್ತು 0 ಅಂಕೆಗಳೊಂದಿಗೆ ಗೊಂದಲವಾಗಬಾರದೆಂಬ ಕಾರಣಕ್ಕೆ. ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದನ್ನು ನೀವು ನೋಡಿರಬಹುದು. ಬಣ್ಣ, ಟೈರು, ಎಂಜಿನ್ ಬದಲಾಗಬಹುದು. ವಾಹನ ಅದೇ ಎಂದು ಹೇಳಲು ಚಾಸಿಯನ್ನೇ ಸಾಕ್ಷಿಯಾಗಿ ಹಿಡಿಯುತ್ತೇವೆ. ಏಣಿ ಚೌಕಟ್ಟಿಲ್ಲದ ಕಾರಿಗೂ ಟ್ರ್ಯಾಕ್ಟರಿಗೂ 'ಚಾಸಿ ಸಂಖ್ಯೆ' ಇರುವುದನ್ನು ಗಮನಿಸಿ. ಭಾಗ ಮಾಯವಾದರೂ ಹೆಸರು ಉಳಿದಿದೆ, ಕೆಲಸ ಉಳಿದಿರುವುದರಿಂದ.

ವಿದ್ಯುತ್ ವಾಹನಗಳಲ್ಲಿ ಆ ಕೆಲಸ ಮತ್ತೆ ಕೈ ಬದಲಾಯಿಸುತ್ತಿದೆ. ಭಾರವಾದ ಬ್ಯಾಟರಿಗಳನ್ನು ಚಪ್ಪಟೆಯಾಗಿ ನೆಲದಡಿ ಹರಡಿ, ಮೋಟಾರು, ಚಕ್ರಗಳನ್ನು ಅದಕ್ಕೇ ಜೋಡಿಸಿ, ಮೇಲೆ ಬೇಕಾದ ಒಡಲು ಕೂರಿಸುವ ಮಾದರಿಯನ್ನು 2002ರಲ್ಲೇ ಅಮೆರಿಕದ ಜನರಲ್ ಮೋಟರ್ಸ್ ಪ್ರದರ್ಶಿಸಿತ್ತು. ಅದರಲ್ಲಿ ಬ್ಯಾಟರಿಯ ಜಾಗದಲ್ಲಿ ಜಲಜನಕದ ಇಂಧನಕೋಶವಿತ್ತು. ತೇರಿನ ಗಡ್ಡೆಯ ತತ್ತ್ವ ಹೊಸ ರೂಪದಲ್ಲಿ ಮರಳಿದೆ ಎನ್ನಬಹುದು.

ಶಿಕ್ಷಕರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಬಹುದು. ಸೈಕಲ್, ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು, ಹೊಲಿಗೆ ಯಂತ್ರ, ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ಮೇಲಿನ ಭಾರ ಯಾವ ಯಾವ ಭಾಗಗಳ ಮೂಲಕ ನೆಲ ಮುಟ್ಟುತ್ತದೆ ಎಂದು ಬಾಣದ ಗುರುತುಗಳಿಂದ ಬರೆಯಲಿ. ಯಾವ ಭಾಗ ತೆಗೆದರೆ ಉಳಿದವುಗಳ ಸ್ಥಾನ ತಪ್ಪುತ್ತದೆಯೋ ಅದೇ ಅದರ ಚಾಸಿ. ಅದನ್ನು ಗುರುತಿಸಬಲ್ಲವರು, ಎಲ್ಲಿ ರಂಧ್ರ ಕೊರೆಯಬಾರದು, ಎಷ್ಟು ಭಾರ ಹೇರಬಾರದು ಎಂಬುದನ್ನೂ ತಾವೇ ಹೇಳಬಲ್ಲರು.